ಎಂಜಿನ್ ಕವರ್ ಗ್ಯಾಸ್ಕೆಟ್‌ಗೆ ಬಾಂಡ್ ಹಾಕಬೇಕಾ?

ಚೌತಿ ಹತ್ತಿರ ಬಂತು. ಪನ್ವೇಲ್ ದಾಟಿ ಎನ್‌ಎಚ್ 66 ಹಿಡಿದು ಬೈಕಿನಲ್ಲೇ ಊರಿಗೆ ಹೋಗೋರು ನಮ್ಮಲ್ಲಿ ತುಂಬಾ ಜನ ಇದ್ದೀರಿ. ಹೊರಡೋ ಮುಂಚೆ ಎಂಜಿನ್ ಕವರ್ ಬಿಚ್ಚಿಸಿದ್ದರೆ ಇದನ್ನು ಓದಿ.

ನನ್ನ ಹಳೇ 150 ಸಿಸಿ ಬೈಕಿಗೆ ಠಾಣೆಯ ಒಂದು ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್ ಬದಲಾಯಿಸಿದೆ. ಹೊಸ ಗ್ಯಾಸ್ಕೆಟ್ ಇತ್ತು. ಆದರೂ ಮೆಕ್ಯಾನಿಕ್ ಎರಡೂ ಕಡೆ ಧಾರಾಳವಾಗಿ ಬಾಂಡ್ ಬಳಿದು, 'ಸಾಬ್, ಏಕ್ ಬೂಂದ್ ನಹೀ ಟಪಕೇಗಾ' ಅಂದ. ನಿಜ, ಒಂದು ತೊಟ್ಟೂ ಸೋರಲಿಲ್ಲ. ಊರಿಗೆ ಹೊರಡೋ ವಾರ ಆಯಿಲ್ ಸ್ಟ್ರೈನರ್ ತೊಳೆಯೋಣ ಅಂತ ನಾನೇ ಕವರ್ ತೆಗೆದೆ. ಜಾಲರಿಗೆ ಬೂದು ಬಣ್ಣದ ಶ್ಯಾವಿಗೆ ಸುತ್ತಿಕೊಂಡಿತ್ತು! ಅರ್ಧದಷ್ಟು ಮುಚ್ಚಿಹೋಗಿತ್ತು.

ಕಾರಣ ಸರಳ. ಬೋಲ್ಟ್ ಬಿಗಿದಾಗ ಹೆಚ್ಚಾದ ಸೀಲೆಂಟ್ ಎರಡೂ ಕಡೆಗೆ ಹಿಂಡಿ ಬರುತ್ತೆ. ಹೊರಗೆ ಬಂದದ್ದು ಕಾಣುತ್ತೆ, ಬಟ್ಟೆಯಲ್ಲಿ ಒರೆಸಿಬಿಡ್ತೀವಿ. ಒಳಗೆ ಹೋದದ್ದು ಅಲ್ಲೇ ಗಟ್ಟಿಯಾಗಿ, ಬಿಸಿ ಆಯಿಲ್‌ನಲ್ಲಿ ಕಿತ್ತುಕೊಂಡು ಸ್ಟ್ರೈನರ್ ಸೇರುತ್ತೆ. ಪಂಪ್‌ಗೆ ಆಯಿಲ್ ಸಾಲದೇ ಹೋದರೆ ಮೊದಲು ಒಣಗೋದು ಮೇಲಿರುವ ಕ್ಯಾಮ್‌ಶಾಫ್ಟ್. ನನ್ನ ಬೈಕಿನಲ್ಲಿ ಎಚ್ಚರಿಸೋ ದೀಪವೂ ಇಲ್ಲ. ಘಾಟಿಯ ಮಧ್ಯೆ ಎಂಜಿನ್ ಜಾಮ್ ಆದಮೇಲೇ ಗೊತ್ತಾಗ್ತಿತ್ತು.

ಪೇಪರ್ ಗ್ಯಾಸ್ಕೆಟ್ ಅಂಟಲ್ಲ, ಒತ್ತಡದಿಂದ ಕೆಲಸ ಮಾಡೋ ವಸ್ತು. ಎರಡು ಲೋಹದ ಮುಖಗಳ ನಡುವೆ ಅದುಮಿಕೊಂಡು ಸಣ್ಣ ಏರುತಗ್ಗು ತುಂಬುತ್ತೆ. ನಡುವೆ ಹಸಿ ಸಿಲಿಕೋನ್ ಇದ್ದರೆ ಜಾರಿ, ಬಿಗಿಯುವಾಗ ಗ್ಯಾಸ್ಕೆಟ್ ಹೊರಕ್ಕೆ ಸರಿದು ಹರಿಯಲೂಬಹುದು. ಮುಖ ಸ್ವಚ್ಛವಾಗಿ, ಸಪಾಟಾಗಿದ್ದರೆ ಹೊಸ ಗ್ಯಾಸ್ಕೆಟ್ ಒಂದೇ ಸಾಕು. ಸೋರಿಕೆಯ ಕಾರಣ ಹುಡುಕದೆ ಬಾಂಡ್ ಬಳಿಯೋದು, ನಾವು ಬಗ್ ಸಿಗದಾಗ ಖಾಲಿ ಟ್ರೈ-ಕ್ಯಾಚ್ ಹಾಕ್ತೀವಲ್ಲ, ಹಾಗೇ. (ಹಾಕಿಲ್ಲ ಅನ್ನಬೇಡಿ.)

ಹೆಚ್ಚಿನ ಸೋರಿಕೆಗೆ ಕಾರಣ ಹಳೇ ಗ್ಯಾಸ್ಕೆಟ್‌ನ ಚೂರುಗಳು, ಇಲ್ಲವೇ ಅದನ್ನು ಸ್ಕ್ರೂಡ್ರೈವರ್‌ನಲ್ಲಿ ಕೆರೆದಾಗ ಅಲ್ಯೂಮಿನಿಯಂ ಮೇಲೆ ಬಿದ್ದ ಗೀರು. ಅವಧಿ ಮುಗಿದ ಡೆಬಿಟ್ ಕಾರ್ಡ್ ತಗೊಂಡು ನಿಧಾನವಾಗಿ ಕೆರೆಯಿರಿ. ಡವೆಲ್ ಪಿನ್‌ಗಳು ಜಾಗದಲ್ಲಿವೆಯಾ ನೋಡಿ. ಬೋಲ್ಟ್‌ಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 6 ಎಂಎಂ ಬೋಲ್ಟ್‌ಗೆ ಸಾಮಾನ್ಯವಾಗಿ ಸುಮಾರು 10 ನ್ಯೂಟನ್ ಮೀಟರ್ ಸಾಕು, ನಿಮ್ಮ ಮ್ಯಾನುಯಲ್‌ನಲ್ಲಿ ಬೇರೆ ಇದ್ದರೆ ಅದೇ ಸರಿ. 'ಇನ್ನೊಂಚೂರು' ಅಂತ ತಿರುಗಿಸಿದರೆ ಥ್ರೆಡ್ ಹೋಗುತ್ತೆ.

ಹಾಗಂತ ಬಾಂಡ್ ಕೆಟ್ಟದ್ದಲ್ಲ. ಕ್ರ್ಯಾಂಕ್‌ಕೇಸಿನ ಎರಡು ಅರ್ಧ ಸೇರುವ ಗೆರೆ ಕವರ್‌ನ ಅಂಚನ್ನು ಮುಟ್ಟುತ್ತಲ್ಲ, ಆ ಜಾಗದಲ್ಲಿ, ಮತ್ತೆ ಮ್ಯಾಗ್ನೆಟ್ ಕಡೆ ವೈರ್ ಹೊರಬರುವ ರಬ್ಬರ್ ಸುತ್ತ, ಎಷ್ಟೋ ಮ್ಯಾನುಯಲ್‌ಗಳೇ ಹಚ್ಚಿ ಅನ್ನುತ್ತವೆ. ಪೇಪರ್ ಗ್ಯಾಸ್ಕೆಟ್ ಇಲ್ಲದೆ ಲಿಕ್ವಿಡ್ ಗ್ಯಾಸ್ಕೆಟ್‌ನಲ್ಲೇ ಕೂರಿಸುವ ಜೋಡಣೆಗಳೂ ಇವೆ. ಮುಖದ ಮೇಲೆ ಆಗಲೇ ಗೀರು ಬಿದ್ದಿದ್ದರೆ ಅಲ್ಲಿಗಷ್ಟೇ ಬೆರಳಲ್ಲಿ ತೆಳ್ಳಗೆ ಸವರಿ. ಉಳಿದ ಕಡೆ ನಾನು ಹಚ್ಚೋದು ಒಂದು ಪಸೆಯಷ್ಟು ಗ್ರೀಸ್, ಅದೂ ಒಂದೇ ಬದಿಗೆ. ಮುಂದಿನ ಸಲ ಗ್ಯಾಸ್ಕೆಟ್ ಹರಿಯದೆ ಬಿಡಿಸಿಕೊಳ್ಳಲಿ ಅಂತ.

ಇನ್ನೊಂದು ವಿಷಯ. ಈ ಸಿಲಿಕೋನ್ ಗಟ್ಟಿಯಾಗೋದು ಗಾಳಿಯ ತೇವದಿಂದ. ನಮ್ಮ ಮುಂಬೈ ಮಳೆಗಾಲದಲ್ಲಿ ಮೇಲಿನ ಪೊರೆ ಬೇಗ ಕಟ್ಟುತ್ತೆ, ಆದ್ದರಿಂದ ಹಚ್ಚಿ ಚಹಾ ಕುಡಿಯೋಕೆ ಹೋಗಬೇಡಿ, ತಕ್ಷಣ ಕವರ್ ಕೂರಿಸಿ. ಒಳಗಿನದು ಪೂರ್ತಿ ಗಟ್ಟಿಯಾಗೋಕೆ ಸುಮಾರು 24 ಗಂಟೆ ಬೇಕು. ನಾನು ಶನಿವಾರ ರಾತ್ರಿ ಕೂರಿಸಿ, ಭಾನುವಾರ ರಾತ್ರಿ ಆಯಿಲ್ ತುಂಬಿ, ಸೋಮವಾರ ಬೆಳಿಗ್ಗೆ ಅದರಲ್ಲೇ ಐರೋಲಿಗೆ ಆಫೀಸಿಗೆ ಹೋದೆ.