ಪರದೇಶದಲ್ಲಿ ತೀರಿಕೊಂಡವರನ್ನು ಊರಿಗೆ ತರುವ ಬಗೆ

ಹೊಟ್ಟೆಪಾಡಿಗಾಗಿ ಊರು ಬಿಡುವುದು ರಾಯಚೂರು ಸೀಮೆಯವರಿಗೆ ಹೊಸದಲ್ಲ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಸಿಂಧನೂರಿಗೆ ಹೊರಗಿನವರೇ ಕೆಲಸ ಹುಡುಕಿಕೊಂಡು ಬಂದರು, ನಿಜ. ಆದರೆ ಲಿಂಗಸುಗೂರು, ಮಸ್ಕಿಗಳ ಒಣಭೂಮಿಯಿಂದ ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುವುದು ಇನ್ನೂ ನಿಂತಿಲ್ಲ. ಕೆಲವರು ಇನ್ನೂ ದೂರ ನಡೆದು ಸೌದಿ, ದುಬೈ, ಕುವೈತ್‌ಗಳನ್ನು ಸೇರುತ್ತಾರೆ. ಅಂಥ ಮನೆಗೆ ಒಂದು ದಿನ ಹೊತ್ತಲ್ಲದ ಹೊತ್ತಿನಲ್ಲಿ ದೂರವಾಣಿ ಬರುತ್ತದೆ. ಮಗ ತೀರಿಕೊಂಡನೆಂದು ಯಾರೋ ಹೇಳುತ್ತಾರೆ. ಮುಂದೇನು ಮಾಡಬೇಕೆಂಬುದು ಆ ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಈ ಲೇಖನದ ವಿಷಯ ಅದೇ.

ಎರಡು ಉದಾಹರಣೆಗಳನ್ನು ಮೊದಲು ನೋಡೋಣ. ೨೦೨೪ನೆಯ ಜೂನ್ ೧೨ರಂದು ಕುವೈತಿನ ಮಂಗಫ್ ಎಂಬಲ್ಲಿ ಕೂಲಿಕಾರರ ವಸತಿಗೆ ಬೆಂಕಿ ಬಿದ್ದು ಅನೇಕ ಭಾರತೀಯರು ಸತ್ತರು. ಅವರಲ್ಲಿ ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನವರೊಬ್ಬರಿದ್ದರು. ಜೂನ್ ೧೪ರಂದೇ ವಾಯುಪಡೆಯ ವಿಮಾನ ದೇಹಗಳನ್ನು ಕೊಚ್ಚಿಗೆ ತಂದಿಳಿಸಿತು. ಇನ್ನೊಂದು, ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯ ವಿದ್ಯಾರ್ಥಿಯದು. ೨೦೨೨ನೆಯ ಮಾರ್ಚ್ ೧ರಂದು ಯುಕ್ರೇನಿನ ಖಾರ್ಕಿವ್‌ನಲ್ಲಿ ಯುದ್ಧಕ್ಕೆ ಬಲಿಯಾದ ಆ ತರುಣನ ದೇಹ ಬೆಂಗಳೂರನ್ನು ಮುಟ್ಟಿದ್ದು ಮಾರ್ಚ್ ೨೧ರಂದು. ತಂದೆತಾಯಿ ಮನೆಯ ಪದ್ಧತಿಯಂತೆ ಪೂಜೆ ಮುಗಿಸಿ, ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು.

ಇವೆರಡೂ ನಾಡೆಲ್ಲ ಬಲ್ಲ ದುರಂತಗಳು. ಸರ್ಕಾರವೇ ಮುಂದೆ ಬಂದು ಕೆಲಸ ನಡೆಸಿತು. ಆದರೆ ಒಬ್ಬನೇ ಕೂಲಿಕಾರ ತನ್ನ ಕೋಣೆಯಲ್ಲಿ ಎದೆನೋವಿನಿಂದ ಸತ್ತರೆ ಅದು ಸುದ್ದಿಯಾಗುವುದಿಲ್ಲ. ಆಗ ಕೆಲಸವನ್ನು ಚಾಲನೆಗೆ ತರಬೇಕಾದವರು ಮನೆಯವರೇ. ವಿಮಾನಕ್ಕಿಂತ ಮೊದಲು ಬೇಕಾಗುವುದು ಊರಿನಿಂದ ಹೋಗಬೇಕಾದ ಒಂದು ಕಾಗದ.

ಅದೇ ಒಪ್ಪಿಗೆ ಪತ್ರ. ತೀರಿಕೊಂಡವರ ಹೆಂಡತಿ, ಇಲ್ಲವೆ ತಂದೆತಾಯಿ, ಮಕ್ಕಳು ಇದನ್ನು ಬರೆದು ನೋಟರಿಯ ಮುಂದೆ ಸಹಿ ಮಾಡಬೇಕು. ದೇಹವನ್ನು ಊರಿಗೆ ಕಳಿಸಬೇಕೆ, ಅಲ್ಲಿಯೇ ಸಂಸ್ಕಾರ ಮಾಡಬೇಕೆ, ಅಲ್ಲಿ ನಮ್ಮ ಪರವಾಗಿ ಓಡಾಡುವವರು ಯಾರು, ಇಲ್ಲಿ ದೇಹವನ್ನು ಪಡೆಯುವವರು ಯಾರು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಮನೆಯವರಲ್ಲಿ ಒಮ್ಮತವಿಲ್ಲದೆ ಹೆಂಡತಿಯದೊಂದು, ಅಣ್ಣನದೊಂದು ಪತ್ರ ಹೋದರೆ ಕೆಲಸ ಅಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಮೊದಲ ದಿನವೇ ಕೂತು ಮಾತಾಡಿ, ಒಬ್ಬರನ್ನೇ ಮುಂದೆ ಮಾಡುವುದು ಮೇಲು.

ಈ ಪತ್ರದ ಜೊತೆಗೆ ಆಸ್ಪತ್ರೆಯ ಮರಣ ಪತ್ರ, ಅಪಘಾತ ಅಥವಾ ಅಸಹಜ ಸಾವಾದರೆ ಪೊಲೀಸರ ವರದಿ, ಪಾಸ್‌ಪೋರ್ಟಿನ ಮತ್ತು ವೀಸಾದ ಪ್ರತಿ, ದೇಹ ಕೆಡದಂತೆ ಔಷಧಿ ತುಂಬಿದ್ದಕ್ಕೆ ಪ್ರಮಾಣಪತ್ರ ಇಷ್ಟೂ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಸೇರಬೇಕು. ಕಚೇರಿಯವರು ಮರಣವನ್ನು ದಾಖಲು ಮಾಡಿ, ಪಾಸ್‌ಪೋರ್ಟನ್ನು ರದ್ದುಪಡಿಸಿ, ಆಕ್ಷೇಪವಿಲ್ಲವೆಂಬ ಪತ್ರ ಕೊಡುತ್ತಾರೆ. ಸಹಜ ಮರಣವಾದರೆ ಇದು ಬೇಗ ಮುಗಿಯುತ್ತದೆ. ತನಿಖೆ ನಡೆಯಬೇಕಾದ ಸಾವಾದರೆ ವಾರಗಳೇ ಹಿಡಿಯಬಹುದು. ಅದಕ್ಕೆ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಬೇಕು.

ಇಲ್ಲಿ ಹೆಸರಿನ ತೊಡಕೊಂದಿದೆ. ದೇವಾನಾಂಪ್ರಿಯನೂ ಅಶೋಕನೂ ಒಬ್ಬನೇ ಎಂದು ಲೋಕಕ್ಕೆ ಸಾರಿದ್ದು ೧೯೧೫ರಲ್ಲಿ ಸಿಕ್ಕ ಮಸ್ಕಿಯ ಬಂಡೆಗಲ್ಲಿನ ಶಾಸನ. ನಮ್ಮ ಮನೆಗಳಲ್ಲೂ ಒಬ್ಬನಿಗೆ ಎರಡು ಹೆಸರು ಸಾಮಾನ್ಯ: ಪಾಸ್‌ಪೋರ್ಟಿನಲ್ಲಿ ಒಂದು, ಪಡಿತರ ಚೀಟಿಯಲ್ಲಿ ಇನ್ನೊಂದು. ಪರದೇಶದ ಗುಮಾಸ್ತನಿಗೆ ಅವರಿಬ್ಬರೂ ಬೇರೆ ಬೇರೆ. ಆದಕಾರಣ ಎಲ್ಲ ಕಾಗದಗಳಲ್ಲೂ ಪಾಸ್‌ಪೋರ್ಟಿನ ಹೆಸರನ್ನೇ ಅಕ್ಷರ ತಪ್ಪದೆ ಬರೆಸಬೇಕು.

ಇನ್ನು ಖರ್ಚಿನ ಮಾತು. ಸೌದಿ ಅರೇಬಿಯದ ಕಾರ್ಮಿಕ ಕಾನೂನಿನಂತೆ ಈ ವೆಚ್ಚ ಕೆಲಸ ಕೊಟ್ಟ ಧಣಿಯ ಮೇಲಿದೆ. ಧಣಿ ಕೈಬಿಟ್ಟು, ಮನೆಯವರೂ ಬಡವರಾಗಿದ್ದರೆ, ರಾಯಭಾರ ಕಚೇರಿ ೨೦೦೯ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವಾಗಬಹುದು, ಆದರೆ ಕೇಳಿಕೊಳ್ಳಬೇಕು. ವಲಸೆ ಪರವಾನಗಿ ಪಡೆದು ಹೋದ ಕೂಲಿಕಾರರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಉಂಟು. ಅಪಘಾತದಲ್ಲಿ ಸತ್ತರೆ ೧೦ ಲಕ್ಷ ರೂಪಾಯಿ ವಾರಸುದಾರರಿಗೆ ಸಲ್ಲುತ್ತದೆ. ದೇಹ ಸಾಗಿಸಿದ ವೆಚ್ಚವನ್ನೂ ಕೇಳಬಹುದು. ರಸೀದಿಗಳನ್ನು ಎಸೆಯಬೇಡಿ. ಪರವಾನಗಿ ತಪ್ಪಿಸಿ, ಪ್ರವಾಸಿಯ ವೀಸಾದ ಮೇಲೆ ಕೆಲಸಕ್ಕೆ ಹೋದವನ ಮನೆಗೆ ಈ ವಿಮೆಯ ಆಸರೆ ಸಿಗದು. ದೂರು ಸಲ್ಲಿಸಲು ವಿದೇಶಾಂಗ ಇಲಾಖೆ ೨೦೧೫ರಲ್ಲಿ ‘ಮದದ್’ ಎಂಬ ಅಂತರ್ಜಾಲ ತಾಣವನ್ನು ತೆರೆದಿದೆ. ಅದು ಕೈಗೆಟುಕದವರು ತಹಸೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಬಹುದು.

ಸಿಂಧನೂರು ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದಿನ ವಿಮಾನ ನಿಲ್ದಾಣ ಹತ್ತಿರ. ಒಪ್ಪಿಗೆ ಪತ್ರದಲ್ಲಿಯೇ ಅದನ್ನು ಹೆಸರಿಸಬೇಕು. ಅಲ್ಲಿನ ಆರೋಗ್ಯಾಧಿಕಾರಿಯ ಅನುಮತಿಗಾಗಿ ೨೦೨೩ರ ಆಗಸ್ಟಿನಿಂದ ‘ಇ-ಕೇರ್’ ಎಂಬ ಅಂತರ್ಜಾಲ ವ್ಯವಸ್ಥೆ ಬಂದಿದೆ. ದೇಹ ಬರುವುದು ಸರಕಿನ ವಿಭಾಗಕ್ಕೆ, ಪ್ರಯಾಣಿಕರ ಬಾಗಿಲಿಗಲ್ಲ. ಪತ್ರದಲ್ಲಿ ಹೆಸರಿರುವವರೇ ಗುರುತಿನ ಚೀಟಿಯೊಡನೆ ಅಲ್ಲಿ ಹಾಜರಿರಬೇಕು. ಲಿಂಗಾಯತ ಮನೆಗಳಲ್ಲಿ ಕುಳ್ಳಿರಿಸಿ ಸಮಾಧಿ ಮಾಡುವುದು ರೂಢಿ. ಪೆಟ್ಟಿಗೆಯಲ್ಲಿ ಮಲಗಿಸಿ ತಂದ ದೇಹಕ್ಕೆ ಅದು ಕಷ್ಟವಾಗಬಹುದು. ಊರ ಹಿರಿಯರೊಡನೆ ಮೊದಲೇ ಮಾತಾಡಿಟ್ಟುಕೊಂಡರೆ ಆ ಹೊತ್ತಿನ ಗೊಂದಲ ತಪ್ಪುತ್ತದೆ.

ಎಲ್ಲರನ್ನೂ ತರಲೇಬೇಕೆಂದೇನೂ ಇಲ್ಲ. ಹಜ್ ಯಾತ್ರೆಯಲ್ಲಿ ತೀರಿಕೊಂಡವರನ್ನು ಅಲ್ಲಿಯೇ ದಫನ್ ಮಾಡುವುದು ನಿಯಮ. ಅದನ್ನು ಭಾಗ್ಯವೆಂದು ತಿಳಿಯುವ ಮನೆಗಳೇ ಹೆಚ್ಚು. ಹಿಂದೂಗಳಿಗಾದರೆ ದುಬೈಯಲ್ಲಿ ದಹನಕ್ಕೆ ಅನುಕೂಲವಿದೆ, ಸೌದಿಯಲ್ಲಿ ಇಲ್ಲ. ತರುವ ಶಕ್ತಿಯಿಲ್ಲದೆ ಅಲ್ಲಿಯೇ ಸಂಸ್ಕಾರಕ್ಕೆ ಒಪ್ಪಿದವರು ತೀರಿಕೊಂಡವನಿಗೆ ಕಡಿಮೆ ಮಾಡಿದರೆಂದು ಯಾರೂ ಭಾವಿಸಬಾರದು.

ಕೊನೆಗೆ ಎರಡು ಎಚ್ಚರಿಕೆ. ದುಡಿದ ಸಂಬಳದ ಬಾಕಿ, ಪರಿಹಾರ ಇವೆಲ್ಲ ವಾರಸುದಾರರ ಹಕ್ಕು. ದೇಹ ಬರಬೇಕಾದರೆ ಬಾಕಿಯನ್ನು ಬಿಡಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಓದದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ದೇಹ ಬಂದ ಮೇಲೂ ಆ ಹಣಕ್ಕಾಗಿ ರಾಯಭಾರ ಕಚೇರಿಯ ಮೂಲಕ ಬರೆದುಕೊಳ್ಳಬಹುದು. ಎರಡನೆಯದು, ಮಗ ಪರದೇಶಕ್ಕೆ ಹೊರಟ ದಿನವೇ ಅವನ ಪಾಸ್‌ಪೋರ್ಟ್, ವೀಸಾ, ಕರಾರು, ವಿಮೆ ಇವುಗಳ ಪ್ರತಿಯನ್ನೂ ಧಣಿಯ ವಿಳಾಸವನ್ನೂ, ಜೊತೆಯಲ್ಲಿರುವ ಇಬ್ಬರ ದೂರವಾಣಿ ಸಂಖ್ಯೆಯನ್ನೂ ಬರೆಸಿಕೊಂಡು ಮನೆಯ ಪೆಟ್ಟಿಗೆಯಲ್ಲಿಡಿ. ಅಪಶಕುನವೆಂದು ಹಿಂಜರಿಯಬೇಡಿ. ಅವನು ಕಾಯಿಲೆ ಬಿದ್ದರೂ, ಸಂಬಳ ನಿಂತರೂ, ಮೊದಲು ಬೇಕಾಗುವುದು ಇವೇ ಕಾಗದಗಳು.