ಉಭಯಪ್ರಿಯಾಣುಗಳ ಆಕಾರವೂ ದ್ರವಸ್ಫಟಿಕಗಳ ಸ್ವಯಂರಚನೆಯೂ

ಸಾಬೂನನ್ನು ನೀರಿನಲ್ಲಿ ಕದಡಿದರೆ ಅದು ಸಕ್ಕರೆಯಂತೆ ಕರಗಿ ಹೋಯಿತೆಂದೇ ತೋರುವುದು. ವಸ್ತುತಃ ಹಾಗಲ್ಲ. ಅದರ ಅಣುಗಳು ಯಾರ ಪ್ರೇರಣೆಯೂ ಇಲ್ಲದೆ ಗುಂಪುಗೂಡಿ ಗೋಲ, ದಂಡ, ಪದರ ಮೊದಲಾದ ಆಕೃತಿಗಳನ್ನು ತಾಳುವುವು. ನೀರು ಕಡಮೆಯಾದಂತೆ ಆ ಆಕೃತಿಗಳೇ ಸಾಲಾಗಿ ಅಣಿಗೊಂಡು, ದ್ರವದಂತೆ ಚಲಿಸುತ್ತಲೂ ಸ್ಫಟಿಕದಂತೆ ಕ್ರಮಬದ್ಧವಾಗಿಯೂ ಇರುವ ದ್ರವಸ್ಫಟಿಕಾವಸ್ಥೆಯನ್ನು ಹೊಂದುವುವು. ಯಾವ ಅಣುವಿಗೆ ಯಾವ ಆಕೃತಿ, ಅದೇಕೆ ಎಂಬುದೇ ಈ ಲೇಖನದ ವಿಷಯ.

ಈ ಅಣುವಿಗೆ ಅಂಗಗಳೆರಡು. ಶಿರಸ್ಸು ಜಲಪ್ರಿಯ, ಇಂಗಾಲ ಜಲಜನಕಗಳ ಸರಪಣಿಯಾದ ಪುಚ್ಛವು ಸ್ನೇಹಪ್ರಿಯ. ಸ್ನೇಹವೆಂದರೆ ಇಲ್ಲಿ ಎಣ್ಣೆಯೆಂದರ್ಥ. ಆದುದರಿಂದ ಅಣುವನ್ನು 'ಉಭಯಪ್ರಿಯ'ವೆನ್ನುವುದು ಯುಕ್ತವಾಗಿದೆ. ಆದರೆ ಪುಚ್ಛವನ್ನು 'ಜಲದ್ವೇಷಿ' ಎನ್ನುವ ರೂಢಿಯು ಭ್ರಾಂತಿಜನಕವಾದುದು. ಪುಚ್ಛಕ್ಕೆ ನೀರಿನ ಮೇಲೆ ದ್ವೇಷವಿಲ್ಲ. ನೀರಿನ ಅಣುಗಳಿಗೆ ತಮ್ಮತಮ್ಮಲ್ಲಿರುವ ಬಂಧವೇ ಬಲವಾದುದಾಗಿ, ಅದರಲ್ಲಿ ಸೇರಲಾರದ ಪುಚ್ಛವು ಹೊರಗುಳಿಯುವುದು.

ಪದಗಳು ವಾಕ್ಯವಾಗಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಶಾಸ್ತ್ರಜ್ಞರು ಹೇಳುವರಷ್ಟೆ. ಇಲ್ಲಿಯೂ ಮೂರುಂಟು: ನೀರಿನ ನೂಕು ಆಕಾಂಕ್ಷೆಯ ಸ್ಥಾನದಲ್ಲಿದೆ, ಅಣುವಿನ ಆಕಾರ ಯೋಗ್ಯತೆಯ ಸ್ಥಾನದಲ್ಲಿದೆ, ಸಾಂದ್ರತೆ ಸನ್ನಿಧಿಯ ಸ್ಥಾನದಲ್ಲಿದೆ.

ಈ ಯೋಗ್ಯತೆಯನ್ನಳೆಯುವ ಮಾನವನ್ನು ೧೯೭೬ರಲ್ಲಿ ಇಸ್ರೇಲಾಚ್ವಿಲಿ, ಮಿಚೆಲ್, ನಿನ್ಹ್ಯಾಮ್ ಎಂಬ ಮೂವರು ನಿರೂಪಿಸಿದರು. ಶಿರಸ್ಸು ಆಕ್ರಮಿಸುವ ಕ್ಷೇತ್ರವನ್ನು ಪುಚ್ಛದ ಉದ್ದದಿಂದ ಗುಣಿಸಿ, ಬಂದ ಲಬ್ಧದಿಂದ ಪುಚ್ಛದ ಘನಪ್ರಮಾಣವನ್ನು ಭಾಗಿಸಬೇಕು. ಫಲವು ೧/೩ಕ್ಕಿಂತ ಕಡಮೆಯಾದರೆ ಅಣುವು ಶಂಕುವಿನಂತಿದ್ದು ಗುಂಪು ಗೋಲವಾಗುವುದು; ೧/೩ರಿಂದ ೧/೨ರ ವರೆಗೆ ದಂಡ; ೧/೨ರಿಂದ ೧ರ ವರೆಗೆ ಇಮ್ಮಡಿ ಪದರ. ೧ನ್ನು ಮೀರಿದರೆ ಆಕೃತಿಯು ತಿರುಗುಮುರುಗಾಗಿ, ಶಿರಸ್ಸುಗಳು ಒಳಗೂ ಪುಚ್ಛಗಳು ಹೊರಗೂ ಆಗುವುವು.

ಉದಾಹರಣೆಗೆ, ೧೨ ಇಂಗಾಲಗಳ ಪುಚ್ಛದ ಘನಪ್ರಮಾಣವು ಸುಮಾರು ೦.೩೫ ಘನ ನ್ಯಾನೋಮೀಟರ್, ನೀಳ ೧.೬೭ ನ್ಯಾನೋಮೀಟರ್. (ನ್ಯಾನೋಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲೊಂದಂಶ.) ಶಿರಸ್ಸಿನ ಕ್ಷೇತ್ರವನ್ನು ೦.೬ ಚದರ ನ್ಯಾನೋಮೀಟರೆಂದಿಟ್ಟುಕೊಂಡರೆ ಫಲವು ೦.೩೫, ಗೋಲ ದಂಡಗಳ ಗಡಿ. ಪುಚ್ಛವನ್ನು ನೀಳಗೊಳಿಸಿದರೆ ಘನಪ್ರಮಾಣವೂ ಜೊತೆಯಲ್ಲೇ ಬೆಳೆಯುವುದರಿಂದ ಫಲದಲ್ಲಿ ಹೆಚ್ಚು ಭೇದವಿಲ್ಲ. ಅದೇ ಶಿರಸ್ಸಿಗೆ ಎರಡು ಪುಚ್ಛಗಳಿದ್ದರೆ ಘನಪ್ರಮಾಣ ಮಾತ್ರ ಇಮ್ಮಡಿಸಿ ಫಲವು ೦.೭ ಆಗುವುದು, ಆಗ ಪದರವೇ ಸಿದ್ಧ. ಆದುದರಿಂದ ಆಕೃತಿಯ ನಿರ್ಣಯದಲ್ಲಿ ಪುಚ್ಛದ ಉದ್ದಕ್ಕಿಂತ ಪುಚ್ಛಗಳ ಸಂಖ್ಯೆಯೇ ಪ್ರಬಲವಾದುದೆಂದು ತಿಳಿಯತಕ್ಕದ್ದು.

ಸನ್ನಿಧಿಯಿಲ್ಲದೆ ಯೋಗ್ಯತೆಯೊಂದೇ ಸಾಲದು. ಸೋಡಿಯಂ ಡೋಡೆಸಿಲ್ ಸಲ್ಫೇಟೆಂಬ ವಸ್ತುವು ಲೀಟರಿಗೆ ಸುಮಾರು ೨.೩ ಗ್ರಾಮಿಗಿಂತ ಕಡಮೆಯಿದ್ದರೆ ಅಣುಗಳು ಬಿಡಿಬಿಡಿಯಾಗಿಯೇ ಇರುವುವು, ಮೀರಿದರೆ ಗುಂಪುಗಳಾಗುವುವು. ಇಂಥ ವಸ್ತುಗಳಲ್ಲಿ ಸಾಂದ್ರತೆ ಬಹಳ ಹೆಚ್ಚಿದಾಗ ದಂಡಗಳು ಷಟ್ಕೋಣಕ್ರಮದಲ್ಲಿ ನಿಲ್ಲುವುದೂ, ಅನಂತರ ಪದರಗಳು ಒಂದರ ಮೇಲೊಂದು ಒಟ್ಟುವುದೂ ಸಾಮಾನ್ಯ.

ಇದೆಲ್ಲ ಸಾಬೂನಿನ ಮಾತು ಮಾತ್ರವೆಂದು ಉಪೇಕ್ಷಿಸಲಾಗದು. ನಮ್ಮ ಜೀವಕೋಶಗಳ ಪೊರೆಯಲ್ಲಿರುವ ಲೆಸಿಥಿನ್ ಎಂಬುದು ಎರಡು ಪುಚ್ಛಗಳುಳ್ಳ ಉಭಯಪ್ರಿಯಾಣು. ಅದರಿಂದಲೇ ಪೊರೆಯು ಪದರವಾಗಿ ನಿಂತಿದೆ. ನಾಗರಹಾವಿನ ವಿಷದಲ್ಲಿರುವ ಒಂದು ಕಿಣ್ವವು ಈ ಪುಚ್ಛಗಳಲ್ಲೊಂದನ್ನು ಕತ್ತರಿಸುವುದು. ಉಳಿದ ಏಕಪುಚ್ಛದ ಅಣುವು ಶಂಕುವಿನಂತಾಗಿ ಪದರಕ್ಕೆ ಅಯೋಗ್ಯವಾಗುವುದು; ಅದು ಹೆಚ್ಚಿದಲ್ಲಿ ರಕ್ತಕಣದ ಪೊರೆಯೇ ಒಡೆಯುವುದು. ಅಣುವಿನ ಒಂದವಯವದ ಲೋಪದಿಂದ ಪ್ರಾಣಾಧಾರವಾದ ರಚನೆಯು ಶಿಥಿಲವಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಕಡೆಯಲ್ಲೊಂದು ಮಾತು. ವಾಕ್ಯದ ಉಪಮೆಯು ಇಷ್ಟು ದೂರ ಮಾತ್ರ ಬರುವುದು. ವಾಕ್ಯಕ್ಕೆ ವಕ್ತೃವುಂಟು, ವಿವಕ್ಷೆಯುಂಟು. ಇಲ್ಲಿ ಎರಡೂ ಇಲ್ಲ. ಅಣುಗಳಿಗೆ ಪ್ರೀತಿದ್ವೇಷಗಳನ್ನಾರೋಪಿಸುವ ಪರಿಭಾಷೆಯನ್ನು ಬೋಧಿಸುವಾಗ ಅದು ಲಕ್ಷಣೆಯೆಂಬುದನ್ನು ಉಪಾಧ್ಯಾಯರು ಮೊದಲೇ ತಿಳಿಸುವುದೊಳ್ಳೆಯದು. ಇಲ್ಲವಾದರೆ ವಿದ್ಯಾರ್ಥಿಯು ಹೆಸರನ್ನು ಕಲಿತು ಕಾರಣವನ್ನು ಮರೆತಾನು.