ಹೈಬ್ರಿಡ್ ಅಂದ್ರೆ ಕರೆಂಟಲ್ಲಿ ಓಡೋ ಗಾಡಿಯಲ್ಲ ಸ್ವಾಮಿ!

ಮಧುಗಿರಿ ಪೇಟೆಯ ಕಿರಾಣಿ ಅಂಗಡಿಯವರೊಬ್ಬರು ಮೊನ್ನೆ ಚೀಟಿ ಎತ್ತಿದರು. ಮೂರನೇ ದಿನವೇ ದಲ್ಲಾಳಿ ಅಂಗಡಿ ಮುಂದೆ 2022ರ ಗ್ರ್ಯಾಂಡ್ ವಿಟಾರಾ ತಂದು ನಿಲ್ಲಿಸಿದ. ‘ಹೈಬ್ರಿಡ್ ಗಾಡಿ ಸಾಹುಕಾರ್ರೇ, ಅರ್ಧ ಕರೆಂಟಲ್ಲೇ ಓಡುತ್ತೆ’ ಅಂತ ಅವನ ವರಸೆ. ಮನೆಮಂದಿ ಕೂತು ನೋಡಿದ್ದೂ ಆಯಿತು. ಮುಂಗಡ ಕೊಡುವ ಮುಂಚೆ ಸಾಹುಕಾರರು ನಮ್ಮನ್ನು ಕೇಳಿದರು: ‘ಇದನ್ನ ನಂಬಬಹುದಾ? ತಿಂಗಳಿಗೆ ಎಷ್ಟು ಬೀಳುತ್ತೆ?’

ಈ ಗಾಡಿಯಲ್ಲಿ ಎರಡು ಜಾತಿ. ಸ್ಟ್ರಾಂಗ್ ಹೈಬ್ರಿಡ್ ಸ್ವಲ್ಪ ದೂರ ಬರೀ ಬ್ಯಾಟರಿಯಲ್ಲೇ ಹೋಗಬಲ್ಲದು. ದಲ್ಲಾಳಿ ತಂದದ್ದು ಮೈಲ್ಡ್ ಹೈಬ್ರಿಡ್. ಇದರಲ್ಲಿ ಡೈನಮೋ ಜಾಗದಲ್ಲಿ ಬೆಲ್ಟಿನಿಂದ ತಿರುಗುವ ಒಂದು ಮೋಟಾರು, ಜೊತೆಗೊಂದು ಪುಟ್ಟ ಲಿಥಿಯಂ ಬ್ಯಾಟರಿ. ಬ್ರೇಕ್ ಹಾಕಿದಾಗ ಕರೆಂಟು ಕೂಡಿಡುತ್ತೆ, ಎಂಜಿನ್ ಎಳೆಯುವಾಗ ಚೂರು ಭುಜ ಕೊಡುತ್ತೆ, ಗಾಡಿ ನಿಂತಾಗ ಎಂಜಿನ್ ತಾನೇ ಆರಿ ತಾನೇ ಹತ್ತುತ್ತೆ. ಬರೀ ಕರೆಂಟಲ್ಲಿ ಒಂದು ಮಾರೂ ಹೋಗದು. ಬಿಡದಿಯಲ್ಲಿ ತಯಾರಾದ ಇದರ ಅವಳಿ, ಟೊಯೋಟಾ ಹೈರೈಡರ್‌ನ ಮೈಲ್ಡ್ ಮಾದರಿಯ ಕತೆಯೂ ಇದೇ.

ಇದರ ಉಳಿತಾಯ ನಿಂತು ನಿಂತು ಹೋಗುವ ಬೆಂಗಳೂರಿನಲ್ಲಿ. ನಮ್ಮ ಕಡೆ ಮಿಡಿಗೇಶಿ ದಾಟಿ ಪಾವಗಡಕ್ಕೆ ಹೊರಟರೆ, ಸಿರಾದಲ್ಲಿ ಹೆದ್ದಾರಿ ಹತ್ತಿದರೆ, ನಿಲ್ಲಿಸೋರು ಯಾರು? ಕುರಿಮಂದೆ ಅಡ್ಡ ಬರಬೇಕು ಅಷ್ಟೆ. ಉಳಿದಂತೆ ಓಡೋದು ಪೆಟ್ರೋಲೇ.

ಮ್ಯಾನುಯಲ್ ಗೇರಿನದಕ್ಕೆ ಕಂಪನಿ ಹೇಳಿದ್ದು ಲೀಟರಿಗೆ 21.11 ಕಿ.ಮೀ. ಅದು ಪರೀಕ್ಷೆಯ ಲೆಕ್ಕ. 16 ಅಂತ ಹಿಡಿಯುವುದು ಕ್ಷೇಮ. ಸಲೀಸಾಗಲಿ ಅಂತ ಪೆಟ್ರೋಲು 100 ರೂ. ಎಂದುಕೊಳ್ಳಿ. ಕೊರಟಗೆರೆಯಿಂದ ದಿನಾ ತುಮಕೂರಿಗೆ ಹೋಗಿಬರುವವರು ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ 6,250 ರೂ. ಪೂರ್ತಿ 21 ಬಂದರೂ 4,760. ವಾರಕ್ಕೊಮ್ಮೆ ಸರಕಿಗೆ ಹೋಗುವ ಅಂಗಡಿಯವರು 200 ಕಿ.ಮೀ. ಓಡಿಸಿದರೆ ಇವೆರಡರ ನಡುವಿನ ವ್ಯತ್ಯಾಸ ಬರೀ 300 ರೂ. ಹೈಬ್ರಿಡ್ ಹೆಸರಿಗೆ ಹೆಚ್ಚುವರಿ ಸಾವಿರಗಟ್ಟಲೆ ಸುರಿದರೆ ಅದು ಎಂದು ಹುಟ್ಟಬೇಕು? ವಿಮೆ, ಟೈರು, 10,000 ಕಿ.ಮೀ.ಗೋ ವರ್ಷಕ್ಕೋ ಒಂದು ಸರ್ವಿಸ್ ಬೇರೆ ಇದೆ. 2023ರ ಏಪ್ರಿಲ್‌ಗೆ ಮುಂಚಿನ ಗಾಡಿಯಾದರೆ, ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಹೊಂದುತ್ತದೆಯೇ ಅಂತ ಸರ್ವಿಸ್‌ನವರನ್ನು ಕೇಳಿ.

ನಂಬಿಕೆಯ ಮಾತು. 1.5 ಲೀಟರಿನ ಈ ಎಂಜಿನ್ ಬ್ರೆಜಾ, ಎರ್ಟಿಗಾಗಳಲ್ಲೂ ಇದೆ, ಟರ್ಬೋ ಗಿರ್ಬೋ ಇಲ್ಲ. ನೋಡಬೇಕಾದ್ದು ಬೆಲ್ಟಿನ ಮೋಟಾರು, ಲಿಥಿಯಂ ಬ್ಯಾಟರಿ. ಹತ್ತು ಕಿ.ಮೀ. ಓಡಿಸಿ ಬಿಸಿಯಾದ ಮೇಲೆ, ಎ.ಸಿ. ಆರಿಸಿ, ನ್ಯೂಟ್ರಲ್ಲಿಗೆ ತಂದು ಕ್ಲಚ್ ಬಿಡಿ. ಎಂಜಿನ್ ತಾನೇ ಆರಬೇಕು. ಕ್ಲಚ್ ಒತ್ತಿದರೆ ಸದ್ದಿಲ್ಲದೆ ಹತ್ತಬೇಕು. ಆರದಿದ್ದರೆ ಕಾರಣ ತಿಳಿಯದೆ ಮುಂಗಡ ಬೇಡ. 2022ರ ಡಿಸೆಂಬರ್ 8ರಿಂದ 2023ರ ಜನವರಿ 12ರೊಳಗೆ ತಯಾರಾದ ಕೆಲವು ವಿಟಾರಾಗಳನ್ನು ಏರ್‌ಬ್ಯಾಗ್ ಕಂಟ್ರೋಲರ್ ಬದಲಿಸಲು ಕಂಪನಿಯೇ ವಾಪಸು ಕರೆದಿತ್ತು. 2024ರ ಡಿಸೆಂಬರ್‌ನಿಂದ 2025ರ ಏಪ್ರಿಲ್‌ವರೆಗಿನವನ್ನು ಕರೆದದ್ದು ಪೆಟ್ರೋಲ್ ಮುಳ್ಳಿನ ದೋಷಕ್ಕೆ. ಪಾವಗಡದ ದಾರಿಯಲ್ಲಿ ರಾತ್ರಿ ಹತ್ತಕ್ಕೆ ಮುಳ್ಳು ಸುಳ್ಳು ಹೇಳಿದರೆ ಹೆಂಡತಿ ಮಕ್ಕಳೊಂದಿಗೆ ಏನ್ ಮಾಡ್ತೀರಿ? ಆ ಕೆಲಸ ಆಗಿದೆಯೋ ಇಲ್ಲವೋ ಚಾಸಿಸ್ ನಂಬರು ಕೊಟ್ಟು ಕೇಳಿ.

ಕಾಗದಪತ್ರ ಮರೀಬೇಡಿ. ಫಾರಂ 29, 30ಕ್ಕೆ ಸಹಿ, ಸಾಲ ತೀರಿದ್ದರೆ ಫಾರಂ 35. ವಿಮೆ 14 ದಿನದೊಳಗೆ ನಿಮ್ಮ ಹೆಸರಿಗೆ ಬರಲಿ. ಹಿಂದೂಪುರ, ಮಡಕಶಿರದ ಕಡೆಯ ಆಂಧ್ರ ಗಾಡಿ ಅಗ್ಗ ಕಂಡರೆ ಕೆಎ-64 ನಂಬರು ಬೀಳುವ ಮುಂಚೆ ಎನ್.ಓ.ಸಿ. ಬೇಕು, ನಮ್ಮ ರಾಜ್ಯದ ತೆರಿಗೆ ಕಟ್ಟಬೇಕು. ಅದನ್ನೂ ಬೆಲೆಗೆ ಸೇರಿಸಿ. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಇಳಿದು ಹೊಸ ಗಾಡಿಯ ಬೆಲೆಯೇ ತಗ್ಗಿದೆ. ಚೌಕಾಶಿ ಅಲ್ಲಿಂದ ಶುರುವಾಗಲಿ.

ಇಷ್ಟು ಕೇಳಿದ ಸಾಹುಕಾರರು ದಲ್ಲಾಳಿಗೆ ಒಂದೇ ಮಾತು ಹೇಳಿದರು: ‘ಸರ್ವಿಸ್ ಪುಸ್ತಕ ತಗೊಂಡು ಬಾರಪ್ಪಾ, ಆಮೇಲೆ ಹೈಬ್ರಿಡ್ ಮಾತು.’

ದಲ್ಲಾಳಿ ಇನ್ನೂ ಬಂದಿಲ್ಲ. ಚೀಟಿ ದುಡ್ಡು ಪೆಟ್ಟಿಗೆಯಲ್ಲೇ ಇದೆ.